ಮೊದಲು ಹೆಸರು, ಆಮೇಲೆ ಯಂತ್ರ

ಕಚೇರಿಯ ಸರ್ವರ್ ಮಾಡುವ ಕೆಲಸಗಳಲ್ಲಿ ಕೆಲವು ಎಲ್ಲರ ಕಣ್ಣಿಗೂ ಕಾಣುತ್ತವೆ: ಕಡತಗಳನ್ನು ಇಟ್ಟುಕೊಳ್ಳುವುದು, ಪ್ರಿಂಟರ್ ಹಂಚಿಕೊಡುವುದು, ಲೆಕ್ಕಪತ್ರದ ತಂತ್ರಾಂಶ ನಡೆಸುವುದು. ಇವುಗಳ ಅಡಿಯಲ್ಲಿ ಇನ್ನೆರಡು ಕೆಲಸಗಳು ಸದ್ದಿಲ್ಲದೆ ನಡೆಯುತ್ತಿರುತ್ತವೆ. ಮೊದಲನೆಯದು ಹೆಸರು ಸೇವೆ, ಅಂದರೆ ಡಿಎನ್‌ಎಸ್. ಒಂದು ಕಂಪ್ಯೂಟರು ಇನ್ನೊಂದನ್ನು ಹೆಸರು ಹಿಡಿದು ಕೇಳಿದಾಗ ಅದರ ಐಪಿ ವಿಳಾಸ ತಿಳಿಸುವುದು ಇದರ ಕೆಲಸ. ಎರಡನೆಯದು ಡೈರೆಕ್ಟರಿ ಸೇವೆ. ಕಚೇರಿಯಲ್ಲಿ ಯಾರು ಯಾರಿದ್ದಾರೆ, ಯಾವ ಕಂಪ್ಯೂಟರುಗಳು ಕಚೇರಿಗೆ ಸೇರಿದವು, ಯಾರ ಪಾಸ್‌ವರ್ಡ್ ಸರಿ, ಯಾರಿಗೆ ಯಾವ ಕಡತ ತೆರೆಯುವ ಹಕ್ಕಿದೆ ಎಂಬ ದಾಖಲೆಯನ್ನು ಇದು ಕಾಯುತ್ತದೆ. ಬೆಳಿಗ್ಗೆ ಸಿಬ್ಬಂದಿ ಪಾಸ್‌ವರ್ಡ್ ಒತ್ತಿ ಒಳಗೆ ಹೋಗುವುದು ಈ ಎರಡೂ ಸೇವೆಗಳು ಉತ್ತರ ಕೊಟ್ಟ ಮೇಲೆಯೇ.

ಹೊಸಪೇಟೆಯ ಖಾಸಗಿ ಆಸ್ಪತ್ರೆ, ಸಂಡೂರಿನ ಗಣಿ ಕಚೇರಿ, ಕಂಪ್ಲಿಯ ಅಕ್ಕಿ ಗಿರಣಿ, ಎಮ್ಮಿಗನೂರಿನಂಥ ಊರಿನ ವಿದ್ಯಾಸಂಸ್ಥೆ, ಹೀಗೆ ಹತ್ತರಿಂದ ಐವತ್ತು ಕಂಪ್ಯೂಟರುಗಳಿರುವ ಕಚೇರಿಗಳಲ್ಲಿ ಸಾಮಾನ್ಯವಾಗಿ ಈ ಕೆಲಸಗಳೆಲ್ಲ ಒಂದೇ ಸರ್ವರಿನ ಮೇಲೆ ಬಿದ್ದಿರುತ್ತವೆ. ಅದು ಕೈಕೊಡತೊಡಗಿದಾಗ ಜನ ಮೊದಲು ಓಡುವುದು ಯಂತ್ರ ಉಳಿಸಲು, ಇಲ್ಲವೇ ಕಡತ ಉಳಿಸಲು. ಈ ಕ್ರಮ ತಿರುಗಬೇಕು. ಯಂತ್ರ ಹೊಸದು ಸಿಗುತ್ತದೆ. ಕಡತಗಳ ನಕಲು ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಇರುತ್ತದೆ. ಯಾರು ಯಾರೆಂಬುದರ ಬಗ್ಗೆ ಕಚೇರಿಯ ಎಲ್ಲ ಯಂತ್ರಗಳೂ ಒಪ್ಪಿಕೊಂಡ ಆ ಒಂದು ದಾಖಲೆ ಮಾತ್ರ ಬೇರೆಲ್ಲೂ ಇರುವುದಿಲ್ಲ. ಮೊದಲು ಉಳಿಸಬೇಕಾದದ್ದು ಅದನ್ನೇ. ಅದು ಉಳಿಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಸರ್ವರ್ ಕೆಡುವ ಮೊದಲೇ ತೀರ್ಮಾನವಾಗಿರುತ್ತದೆ.

ಎರಡು ಸೇವೆಗಳ ನಂಟು

ಹೆಸರು ಸೇವೆ ಹುಟ್ಟಿದ್ದು ಒಂದು ಪಟ್ಟಿಯಿಂದ. ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್‌ನಲ್ಲಿ ಎಲ್ಲ ಯಂತ್ರಗಳ ಹೆಸರು ಮತ್ತು ವಿಳಾಸಗಳನ್ನು ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ಅದನ್ನು ತಿದ್ದಿ ಇಡುತ್ತಿತ್ತು, ಉಳಿದವರು ಅಲ್ಲಿಂದ ಇಳಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಪಟ್ಟಿ ತಿದ್ದಿ ಮುಗಿಸುವುದೇ ಆಗದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅದನ್ನು ಹಂಚಿ ಆಳುವ ವ್ಯವಸ್ಥೆಯಾಗಿ ರೂಪಿಸಿದರು. 1987ರಲ್ಲಿ ತಿದ್ದಿ ಪ್ರಕಟಿಸಿದ ಅದರ ನಿಯಮಗಳೇ ಇಂದಿಗೂ ತಳಹದಿ. ಡೈರೆಕ್ಟರಿಯ ದಾರಿ ಬೇರೆ. 1988ರಲ್ಲಿ ಎಕ್ಸ್.500 ಎಂಬ ಭಾರಿ ಮಾನದಂಡ ಬಂತು. ಅದರ ಹಗುರ ರೂಪವಾದ ಎಲ್‌ಡ್ಯಾಪ್ 1993ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರ ಕೈಯಿಂದ ಹೊರಬಂತು. 2000ದಲ್ಲಿ ಮೈಕ್ರೋಸಾಫ್ಟ್ ಹೆಸರು ಸೇವೆ, ಡೈರೆಕ್ಟರಿ ಎರಡನ್ನೂ ಎಂಐಟಿಯಲ್ಲಿ ರೂಪುಗೊಂಡ ಕರ್ಬೆರೋಸ್ ಗುರುತು ಪದ್ಧತಿಯೊಂದಿಗೆ ಹೆಣೆದು, ವಿಂಡೋಸ್ 2000ದ ಜೊತೆ ಆಕ್ಟಿವ್ ಡೈರೆಕ್ಟರಿ ಎಂದು ಕೊಟ್ಟಿತು. 2012ರ ಡಿಸೆಂಬರಿನಲ್ಲಿ ಬಂದ ಸ್ಯಾಂಬಾ 4 ಅದೇ ಕೆಲಸವನ್ನು ಲಿನಕ್ಸ್ ಯಂತ್ರದಲ್ಲಿ, ಉಚಿತ ತಂತ್ರಾಂಶವಾಗಿ, ಮಾಡತೊಡಗಿತು.

ಈ ಹೆಣಿಗೆಯಲ್ಲಿ ಅನುಕೂಲವೂ ಇದೆ, ಅಪಾಯವೂ ಇದೆ. ಡೊಮೇನ್ ಕಂಟ್ರೋಲರ್ ಎಂದು ಕರೆಯುವ ಡೈರೆಕ್ಟರಿ ಸರ್ವರ್ ಎಲ್ಲಿದೆ ಎಂದು ಸಿಬ್ಬಂದಿಯ ಕಂಪ್ಯೂಟರಿಗೆ ತಾನಾಗಿ ಗೊತ್ತಿರುವುದಿಲ್ಲ. ಅದು ಡಿಎನ್‌ಎಸ್‌ನಲ್ಲಿರುವ ಎಸ್‌ಆರ್‌ವಿ ಎಂಬ ಬಗೆಯ ದಾಖಲೆಗಳನ್ನು ಕೇಳಿ ತಿಳಿದುಕೊಳ್ಳುತ್ತದೆ. ಹಾಗಾಗಿ ಹೆಸರು ಸೇವೆ ಇಲ್ಲದೆ ಡೈರೆಕ್ಟರಿ ಸಿಗುವುದಿಲ್ಲ. ಇತ್ತ ಹೆಚ್ಚಿನ ಕಚೇರಿಗಳಲ್ಲಿ ಡಿಎನ್‌ಎಸ್ ದಾಖಲೆಗಳನ್ನು ಡೈರೆಕ್ಟರಿಯ ಒಳಗೇ ಇಟ್ಟಿರುತ್ತಾರೆ, ಆದ್ದರಿಂದ ಡೈರೆಕ್ಟರಿ ಏಳದೆ ಹೆಸರು ಸೇವೆ ಬಾಯಿ ಬಿಡುವುದಿಲ್ಲ. ಒಂದೇ ಸರ್ವರ್ ಇರುವಲ್ಲಿ ಇವೆರಡೂ ಒಂದರ ಮುಖ ಒಂದು ನೋಡಿಕೊಂಡು ಕಾಯುತ್ತವೆ. ಡೈರೆಕ್ಟರಿ ಮೊದಲ ಹೊಂದಾಣಿಕೆ ಮುಗಿಸಲಿ ಎಂದು ಡಿಎನ್‌ಎಸ್ ಕಾಯುತ್ತಿದೆ ಎಂಬ 4013ನೇ ಸಂಖ್ಯೆಯ ಎಚ್ಚರಿಕೆ ಸರ್ವರಿನ ದಿನಚರಿಯಲ್ಲಿ ಕಾಣುವುದು ಇಂಥ ಹೊತ್ತಿನಲ್ಲೇ. ಈ ಪರಸ್ಪರ ಅವಲಂಬನೆಯನ್ನು ಅರಿಯದೆ ಮಾಡುವ ದುರಸ್ತಿ ಒಂದು ಸೇವೆಯನ್ನು ಎಬ್ಬಿಸಲು ಹೋಗಿ ಇನ್ನೊಂದನ್ನು ಕೆಡಿಸುತ್ತದೆ.

ಕೇಡು ಎಲ್ಲಿದೆ

‘ಸರ್ವರ್ ಡೌನ್ ಆಗಿದೆ’ ಎಂಬ ಒಂದು ಮಾತಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಕೇಡುಗಳು ಅಡಗಿರುತ್ತವೆ: ಜಾಲ ಕಡಿದಿದೆ, ಹೆಸರು ಸಿಗುತ್ತಿಲ್ಲ, ಗಡಿಯಾರ ತಪ್ಪಿದೆ, ಡೈರೆಕ್ಟರಿಯ ದತ್ತಾಂಶ ಕೆಟ್ಟಿದೆ. ಇವನ್ನು ಇದೇ ಕ್ರಮದಲ್ಲಿ ನೋಡುತ್ತ ಹೋಗುವುದು ವಿವೇಕ, ಏಕೆಂದರೆ ಮೇಲಿನದು ಕೆಟ್ಟಿದ್ದರೆ ಕೆಳಗಿನದೆಲ್ಲ ಕೆಟ್ಟಂತೆಯೇ ಕಾಣುತ್ತದೆ. ಸರ್ವರನ್ನು ಐಪಿ ವಿಳಾಸದಿಂದ ಪಿಂಗ್ ಮಾಡಿದರೆ ಉತ್ತರ ಬಂದು, ಹೆಸರಿನಿಂದ ಕೇಳಿದರೆ ಬರದಿದ್ದಲ್ಲಿ ಕೇಡು ಹೆಸರು ಸೇವೆಯದು. ಹೆಸರಿಗೂ ಉತ್ತರ ಬಂದು ಲಾಗಿನ್ ಮಾತ್ರ ಆಗದಿದ್ದರೆ ಗಡಿಯಾರ ಮತ್ತು ಡೈರೆಕ್ಟರಿಯ ಕಡೆ ತಿರುಗಬೇಕು.

ಹೆಸರು ಸೇವೆಯ ಕೇಡುಗಳಲ್ಲಿ ತೀರಾ ಸಾಮಾನ್ಯವಾದದ್ದು ಸರ್ವರಿನದಲ್ಲವೇ ಅಲ್ಲ. ಇಂಟರ್ನೆಟ್ ಬೇಗ ಸಿಗಲಿ ಎಂದು ಸಿಬ್ಬಂದಿಯ ಕಂಪ್ಯೂಟರುಗಳಲ್ಲಿ ಎರಡನೆಯ ಡಿಎನ್‌ಎಸ್ ವಿಳಾಸವಾಗಿ ಹೊರಗಿನ ಸಾರ್ವಜನಿಕ ಸೇವೆಯೊಂದನ್ನು ಯಾರೋ ಬರೆದಿರುತ್ತಾರೆ. ಆ ಹೊರಗಿನ ಸೇವೆಗೆ ಕಚೇರಿಯ ಒಳಗಿನ ಹೆಸರುಗಳು ತಿಳಿದಿರುವುದಿಲ್ಲ. ಒಳಗಿನ ಸರ್ವರ್ ಒಂದು ಕ್ಷಣ ತಡಮಾಡಿದರೂ ಕಂಪ್ಯೂಟರು ಹೊರಗೆ ಕೇಳುತ್ತದೆ, ‘ಅಂಥ ಹೆಸರೇ ಇಲ್ಲ’ ಎಂಬ ಉತ್ತರ ಬರುತ್ತದೆ, ಅದನ್ನೇ ನಿಜವೆಂದು ನಂಬುತ್ತದೆ. ಹೊರಗಿನ ಜಾಲತಾಣಗಳೆಲ್ಲ ತೆರೆಯುತ್ತವೆ, ಕಚೇರಿಯ ಕಡತ ಮಾತ್ರ ಸಿಗುವುದಿಲ್ಲ. ಡೊಮೇನಿಗೆ ಸೇರಿದ ಕಂಪ್ಯೂಟರುಗಳು ಒಳಗಿನ ಡಿಎನ್‌ಎಸ್ ಸರ್ವರುಗಳನ್ನಷ್ಟೇ ಕೇಳಬೇಕು, ಹೊರಗಿನ ಹೆಸರುಗಳನ್ನು ಆ ಸರ್ವರೇ ಹೊರಗೆ ಕೇಳಿ ತಿಳಿಸಬೇಕು.

ಗಡಿಯಾರದ ವಿಷಯವನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕರ್ಬೆರೋಸ್ ಪದ್ಧತಿಯಲ್ಲಿ ಸರ್ವರಿನ ಗಡಿಯಾರಕ್ಕೂ ಕಂಪ್ಯೂಟರಿನ ಗಡಿಯಾರಕ್ಕೂ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಬಂದರೆ, ಪಾಸ್‌ವರ್ಡ್ ಸರಿಯಿದ್ದರೂ ಪ್ರವೇಶ ಸಿಗುವುದಿಲ್ಲ. ಹಳೆಯ ಸರ್ವರಿನ ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದು, ಕರೆಂಟ್ ಹೋಗಿ ಬಂದರೆ ಸರ್ವರ್ ಯಾವುದೋ ಹಿಂದಿನ ವರ್ಷದ ತಾರೀಖು ಹಿಡಿದು ಏಳುತ್ತದೆ. ಆಗ ಇಡೀ ಕಚೇರಿಗೆ ಬಾಗಿಲು ಮುಚ್ಚುತ್ತದೆ. ಹತ್ತಾರು ರೂಪಾಯಿಯ ಆ ಬ್ಯಾಟರಿ ಸತ್ತದ್ದಕ್ಕೆ ಡೈರೆಕ್ಟರಿಯೇ ಕೆಟ್ಟಿತೆಂದು ತಿಳಿದು ಸರ್ವರನ್ನು ಫಾರ್ಮ್ಯಾಟ್ ಮಾಡುವಷ್ಟು ದೂರ ಹೋಗುವುದುಂಟು. ದೇಶದ ಕಂಪ್ಯೂಟರ್ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ತಮ್ಮ ಗಡಿಯಾರಗಳನ್ನು ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರುಗಳಿಗೆ ಹೊಂದಿಸಬೇಕೆಂದು ಹೇಳಿದೆ. ತನಿಖೆಗೆ ದಾಖಲೆಗಳ ಸಮಯ ಹೊಂದಬೇಕೆಂಬುದು ಅದರ ಉದ್ದೇಶ. ಲಾಗಿನ್ ನಡೆಯುವುದಕ್ಕೂ ಅದೇ ಶಿಸ್ತು ಬೇಕು.

ಇನ್ನೊಂದು ಮೋಸದ ಲಕ್ಷಣವಿದೆ. ವಿಂಡೋಸ್ ಕಂಪ್ಯೂಟರು ಹಿಂದೆ ತನ್ನಲ್ಲಿ ಲಾಗಿನ್ ಆದ ಹತ್ತು ಜನರ ಗುರುತನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಡೈರೆಕ್ಟರಿ ಸತ್ತು ಎರಡು ದಿನವಾದರೂ ಅವರಿಗೆ ಅವರವರ ಕಂಪ್ಯೂಟರಿನ ಬಾಗಿಲು ತೆರೆಯುತ್ತಲೇ ಇರುತ್ತದೆ. ಹೊಸಬರು ಬಂದಾಗಲೋ ಯಾರೋ ಪಾಸ್‌ವರ್ಡ್ ಬದಲಿಸಲು ಹೊರಟಾಗಲೋ ಮಾತ್ರ ಕೇಡು ಹೊರಬೀಳುತ್ತದೆ. ಅಷ್ಟರಲ್ಲಿ ದುರಸ್ತಿಯ ಒಳ್ಳೆಯ ಹೊತ್ತು ಕಳೆದಿರುತ್ತದೆ. ಆದ್ದರಿಂದ ಜನ ದೂರು ಕೊಡಲಿ ಎಂದು ಕಾಯದೆ, ಡಿಸಿಡಯಾಗ್‌ನಂಥ ಪರೀಕ್ಷೆಯನ್ನು ವಾರಕ್ಕೊಮ್ಮೆ ಓಡಿಸಿ ಓದುವ ರೂಢಿ ಬೇಕು.

ಬಳ್ಳಾರಿ–ವಿಜಯನಗರ ಸೀಮೆಯಲ್ಲಿ ಈ ಕೇಡುಗಳಿಗೆ ಸ್ಥಳೀಯ ಕಾರಣಗಳೂ ಸೇರುತ್ತವೆ. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ಹವಾನಿಯಂತ್ರಣ ಸಂಜೆ ಆರಿದ ಮೇಲೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಸರ್ವರ್ ರಾತ್ರಿಯಿಡೀ ಬೇಯುತ್ತದೆ. ಸಂಡೂರು–ಹೊಸಪೇಟೆ ದಾರಿಯ ಅದಿರಿನ ಕೆಂಪು ಧೂಳು ಫ್ಯಾನುಗಳಲ್ಲಿ ಕೂತು ಗಾಳಿಯ ದಾರಿ ಕಟ್ಟುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಹಾನಿ ಹಠಾತ್ತನೆ ಹೋಗುವ ಕರೆಂಟಿನದು. ಡೈರೆಕ್ಟರಿಯ ದತ್ತಾಂಶ ಕಡತ ಬರಹವನ್ನು ಮೊದಲು ದಿನಚರಿ ಕಡತದಲ್ಲಿ ಗುರುತು ಹಾಕಿಕೊಂಡು ಆಮೇಲೆ ಒಳಗೆ ಸೇರಿಸುತ್ತದೆ. ಯುಪಿಎಸ್ ಬ್ಯಾಟರಿ ಸೋತಿದ್ದು, ಡಿಸ್ಕ್ ‘ಬರೆದಾಯಿತು’ ಎಂದು ಹೇಳಿಯೂ ಬರೆಯದೆ ಆರಿಹೋದರೆ, ಆ ಎರಡರ ನಡುವಿನ ಹೊಂದಾಣಿಕೆ ತಪ್ಪುತ್ತದೆ. ಯುಪಿಎಸ್ ಇದ್ದರಷ್ಟೇ ಸಾಲದು. ಬ್ಯಾಟರಿ ಮುಗಿಯುವ ಮೊದಲು ಸರ್ವರನ್ನು ಕ್ರಮವಾಗಿ ಆರಿಸುವ ಸಂಪರ್ಕವನ್ನೂ ಜೋಡಿಸಿರಬೇಕು.

ಮೊದಲ ಗಂಟೆ

ಸರ್ವರ್ ಸಾಯುತ್ತಿದೆ ಎಂದು ಗೊತ್ತಾದ ಕೂಡಲೇ ಕೈ ಹೋಗುವುದು ರಿಸ್ಟಾರ್ಟ್ ಗುಂಡಿಯ ಕಡೆಗೆ. ಡಿಸ್ಕ್ ಸವೆಯುತ್ತಿರುವ ಯಂತ್ರ ಒಮ್ಮೆ ಆರಿದರೆ ಮತ್ತೆ ಏಳುತ್ತದೆಂಬ ಖಾತ್ರಿಯಿಲ್ಲ. ಏಳುವಾಗ ತಾನಾಗಿ ಶುರುವಾಗುವ ಡಿಸ್ಕ್ ದುರಸ್ತಿಯೂ ಉಳಿದದ್ದನ್ನು ಕಲಕಬಹುದು. ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಸಿಸ್ಟಂ ಸ್ಟೇಟ್ ಬ್ಯಾಕಪ್ ಒಂದನ್ನು ಹೊರಗಿನ ಡಿಸ್ಕಿಗೆ ತೆಗೆಯುವುದು ಮೊದಲ ಕೆಲಸ. ಡೈರೆಕ್ಟರಿಯ ದತ್ತಾಂಶ ಕಡತ, ಸಿಸ್‌ವಾಲ್ ಎಂಬ ನಿಯಮಗಳ ಕೋಶ, ರಿಜಿಸ್ಟ್ರಿ ಇವೆಲ್ಲ ಅದರಲ್ಲಿ ಒಟ್ಟಾಗಿ, ಒಂದಕ್ಕೊಂದು ಹೊಂದಿಕೊಂಡ ಸ್ಥಿತಿಯಲ್ಲಿ ಸೇರುತ್ತವೆ. ಬರೀ ಕಡತಗಳನ್ನು ನಕಲು ಮಾಡಿಕೊಂಡರೆ ಡೈರೆಕ್ಟರಿ ಬರುವುದಿಲ್ಲ.

ಎರಡನೆಯ ಕೆಲಸ ಹೆಸರು ಸೇವೆಗೆ ತಾತ್ಕಾಲಿಕ ನೆಲೆ ಕಟ್ಟುವುದು. ದೊಡ್ಡ ಯಂತ್ರ ಬೇಕಿಲ್ಲ, ಕಚೇರಿಯ ಯಾವುದಾದರೂ ಆರೋಗ್ಯವಂತ ಕಂಪ್ಯೂಟರು ಸಾಕು. ಯಾವ ಎಸ್‌ಆರ್‌ವಿ ದಾಖಲೆಗಳು ಇರಬೇಕೆಂಬ ಪಟ್ಟಿಯನ್ನು ಪ್ರತಿ ಡೊಮೇನ್ ಕಂಟ್ರೋಲರ್ ತನ್ನ ಸಿಸ್ಟಂ32ರ ಕಾನ್ಫಿಗ್ ಕೋಶದಲ್ಲಿ ನೆಟ್‌ಲಾಗಾನ್ ಡಾಟ್ ಡಿಎನ್‌ಎಸ್ ಎಂಬ ಸರಳ ಪಠ್ಯ ಕಡತವಾಗಿ ಬರೆದಿಟ್ಟಿರುತ್ತದೆ. ಆ ಕಡತ ಕೈಯಲ್ಲಿದ್ದರೆ ಹೆಸರುಗಳನ್ನು ಮತ್ತೊಂದು ಡಿಎನ್‌ಎಸ್ ಸರ್ವರಿನಲ್ಲಿ ಸಾಮಾನ್ಯ ವಲಯವಾಗಿ ತುಂಬಬಹುದು, ಡೈರೆಕ್ಟರಿಯ ಮೇಲೆ ಒರಗದ ಹೆಸರು ಸೇವೆ ಎದ್ದು ನಿಲ್ಲುತ್ತದೆ. ಎರಡೂ ಸೇವೆಗಳು ಒಂದನ್ನೊಂದು ಕಾಯುತ್ತಿದ್ದ ಸುತ್ತು ಅಲ್ಲಿಗೆ ಕಡಿಯುತ್ತದೆ.

ತಾತ್ಕಾಲಿಕ ತಡೆ ಮೊದಲು, ಕಾಯಂ ದುರಸ್ತಿ ಆಮೇಲೆ ಎಂಬ ಈ ಕ್ರಮ ಹೊಸಪೇಟೆಯವರಿಗೆ ಹೊಸದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಉಳಿದ ಗೇಟುಗಳನ್ನು ತೆರೆದು ಮೊದಲು ಒತ್ತಡ ಇಳಿಸಿದರು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಕಿಂಡಿಯನ್ನು ಮುಚ್ಚಿದರು. ಹೊಸ ಗೇಟಿನ ವಿನ್ಯಾಸ ಮುಗಿಯಲಿ ಎಂದು ಕಾದಿದ್ದರೆ ಬೆಳೆಗೆ ಬೇಕಾದ ನೀರೆಲ್ಲ ಹರಿದು ಹೋಗುತ್ತಿತ್ತು. ಸರ್ವರ್ ದುರಸ್ತಿಯಲ್ಲೂ ನಡೆಯಬೇಕಾದದ್ದು ಇದೇ: ಭಾರ ಇಳಿಸು, ಸೋರಿಕೆ ನಿಲ್ಲಿಸು, ಆಮೇಲೆ ಕಟ್ಟು. ಕಡತ ಹಂಚಿಕೆ, ವೈರಸ್ ತಪಾಸಣೆ, ಪ್ರಿಂಟರ್ ಸರದಿ ಮುಂತಾದ ಹೊರೆಗಳನ್ನು ಸಾಯುತ್ತಿರುವ ಯಂತ್ರದಿಂದ ತೆಗೆದುಹಾಕುವುದು ಭಾರ ಇಳಿಸುವ ಮೊದಲ ಹೆಜ್ಜೆ.

ಡೈರೆಕ್ಟರಿಯನ್ನು ಮರಳಿ ತರುವ ದಾರಿಗಳು

ಇಲ್ಲಿಂದ ಮುಂದೆ ದಾರಿ ಮೂರಾಗಿ ಒಡೆಯುತ್ತದೆ. ಯಾವ ದಾರಿ ಎಂಬುದು ಕಚೇರಿ ಹಿಂದೆ ಏನು ಮಾಡಿಟ್ಟಿದೆ ಎಂಬುದರ ಮೇಲೆ ನಿಂತಿದೆ.

ಎರಡನೆಯ ಡೊಮೇನ್ ಕಂಟ್ರೋಲರ್ ಇದ್ದರೆ ದಾರಿ ಸುಗಮ. ಡೈರೆಕ್ಟರಿಯ ನಕಲು ಅದರಲ್ಲಿ ಜೀವಂತವಾಗಿರುತ್ತದೆ. ಒಂದೊಂದನ್ನೂ ಒಂದೇ ಯಂತ್ರ ಹೊರಬೇಕಾದ ಐದು ವಿಶೇಷ ಹೊಣೆಗಳು ಆಕ್ಟಿವ್ ಡೈರೆಕ್ಟರಿಯಲ್ಲಿವೆ. ಸಾಯುತ್ತಿರುವ ಯಂತ್ರ ಇನ್ನೂ ಮಾತಾಡುತ್ತಿದ್ದರೆ ಅವನ್ನು ಕ್ರಮವಾಗಿ ವರ್ಗಾಯಿಸಬೇಕು, ಸತ್ತಿದ್ದರೆ ಬದುಕಿರುವ ಯಂತ್ರ ವಶಪಡಿಸಿಕೊಳ್ಳಬೇಕು. ವಶಪಡಿಸಿಕೊಂಡ ಮೇಲೆ ಹಳೆಯ ಯಂತ್ರವನ್ನು ಮತ್ತೆ ಜಾಲಕ್ಕೆ ಸೇರಿಸಬಾರದು. ಸೇರಿಸಿದರೆ ಒಂದೇ ಹೊಣೆಗೆ ಇಬ್ಬರು ಒಡೆಯರಾಗುತ್ತಾರೆ. ಹಳೆಯದರ ಗುರುತುಗಳನ್ನು ಡೈರೆಕ್ಟರಿಯಿಂದಲೂ ಡಿಎನ್‌ಎಸ್‌ನಿಂದಲೂ ಅಳಿಸಿ, ಹೊಸ ಯಂತ್ರವನ್ನು ಎರಡನೆಯ ಕಂಟ್ರೋಲರ್ ಆಗಿ ಕಟ್ಟಿದರೆ ಕೆಲಸ ಮುಗಿಯಿತು. ಬ್ಯಾಕಪ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಒಂದೇ ಕಂಟ್ರೋಲರ್ ಇದ್ದು, ಸಿಸ್ಟಂ ಸ್ಟೇಟ್ ಬ್ಯಾಕಪ್ ಇದ್ದರೆ ಅದನ್ನು ಡೈರೆಕ್ಟರಿ ಮರುಸ್ಥಾಪನೆಯ ವಿಶೇಷ ಸ್ಥಿತಿಯಲ್ಲಿ ಮರಳಿ ತುಂಬಬೇಕು. ಆ ಸ್ಥಿತಿಗೆ ಪ್ರತ್ಯೇಕ ಪಾಸ್‌ವರ್ಡ್ ಇದೆ. ಸರ್ವರ್ ಕಟ್ಟಿದ ದಿನ ಒಮ್ಮೆ ಒತ್ತಿದ ಆ ಪಾಸ್‌ವರ್ಡ್ ಆಮೇಲೆ ಯಾರಿಗೂ ನೆನಪಿರುವುದಿಲ್ಲ, ಕಟ್ಟಿಕೊಟ್ಟ ತಂತ್ರಜ್ಞರು ಬೇರೆ ಊರಿಗೆ ಹೋಗಿರುತ್ತಾರೆ. ಡೈರೆಕ್ಟರಿ ಜೀವಂತವಿರುವಾಗ ಎನ್‌ಟಿಡಿಎಸ್‌ಯುಟಿಲ್ ಎಂಬ ಉಪಕರಣದ ಮೂಲಕ ಅದನ್ನು ಕೆಲವೇ ನಿಮಿಷಗಳಲ್ಲಿ ಬದಲಿಸಬಹುದು, ಸತ್ತ ಮೇಲೆ ಆ ಅವಕಾಶವಿಲ್ಲ. ಬ್ಯಾಕಪ್ಪಿನ ವಯಸ್ಸೂ ಮುಖ್ಯ. ಅಳಿಸಿದ ದಾಖಲೆಗಳ ಗುರುತನ್ನು ಡೈರೆಕ್ಟರಿ ಸಾಮಾನ್ಯವಾಗಿ 180 ದಿನ ಇಟ್ಟುಕೊಂಡಿರುತ್ತದೆ, ತುಂಬ ಹಳೆಯ ಡೊಮೇನುಗಳಲ್ಲಿ 60 ದಿನ. ಅದಕ್ಕಿಂತ ಹಳೆಯ ಬ್ಯಾಕಪ್ ಬಳಕೆಗೆ ಬಾರದು. ಆ ಅವಧಿಯೊಳಗಿನ ಬ್ಯಾಕಪ್ಪಿನಲ್ಲೂ ತೊಡಕಿದೆ: ಪ್ರತಿ ಕಂಪ್ಯೂಟರು ಡೈರೆಕ್ಟರಿಯೊಂದಿಗಿನ ತನ್ನ ಗುಟ್ಟಿನ ಪಾಸ್‌ವರ್ಡನ್ನು 30 ದಿನಕ್ಕೊಮ್ಮೆ ತಾನೇ ಬದಲಿಸಿಕೊಳ್ಳುತ್ತದೆ. ಮೂರು ತಿಂಗಳ ಹಿಂದಿನ ಬ್ಯಾಕಪ್ ತಂದರೆ ಕಂಪ್ಯೂಟರುಗಳು ಡೈರೆಕ್ಟರಿಯ ವಿಶ್ವಾಸ ಕಳೆದುಕೊಂಡಿರುತ್ತವೆ, ಒಂದೊಂದನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ತಿಂಗಳಿಗಿಂತ ಹಳೆಯದಾಗದ ಬ್ಯಾಕಪ್ ಎಂಬುದು ಕನಿಷ್ಠ ಮಟ್ಟ, ದಿನಕ್ಕೊಂದು ಎಂಬುದು ಸರಿಯಾದ ಮಟ್ಟ. ಮರಳಿ ತುಂಬಿದ ಮೇಲೆ ಸಿಸ್‌ವಾಲ್ ಮತ್ತು ನೆಟ್‌ಲಾಗಾನ್ ಹಂಚಿಕೆಗಳು ಜಾಲದಲ್ಲಿ ಕಾಣುತ್ತಿವೆಯೇ ಎಂದು ನೋಡಬೇಕು. ಅವು ಕಾಣದಿದ್ದರೆ ಸರ್ವರ್ ಎದ್ದಂತೆ ತೋರಿದರೂ ಕಂಟ್ರೋಲರ್ ಆಗಿ ಎದ್ದಿಲ್ಲ.

ಬ್ಯಾಕಪ್ ಎಂದರೆ ಇಡೀ ಡಿಸ್ಕಿನ ಚಿತ್ರ ತೆಗೆದಿಡುವುದು ಎಂಬ ನಂಬಿಕೆ ವ್ಯಾಪಕವಾಗಿದೆ. ಒಂದೇ ಕಂಟ್ರೋಲರ್ ಇರುವಲ್ಲಿ ಅದು ಹೇಗೋ ನಡೆಯುತ್ತದೆ. ಎರಡು ಇರುವಲ್ಲಿ ಹಳೆಯ ಚಿತ್ರವನ್ನು ನೇರವಾಗಿ ಮರಳಿ ಹಾಕುವುದು ಅಪಾಯ. ಪ್ರತಿ ಕಂಟ್ರೋಲರ್ ತಾನು ಮಾಡಿದ ಬದಲಾವಣೆಗಳಿಗೆ ಕ್ರಮಸಂಖ್ಯೆ ಕೊಡುತ್ತದೆ, ಜೊತೆಗಾರ ಆ ಸಂಖ್ಯೆಯನ್ನು ನೆನಪಿಟ್ಟಿರುತ್ತದೆ. ಚಿತ್ರದಿಂದ ಎದ್ದ ಯಂತ್ರ ಹಳೆಯ ಸಂಖ್ಯೆಯಿಂದ ಮತ್ತೆ ಎಣಿಸತೊಡಗುತ್ತದೆ. ಜೊತೆಗಾರನಿಗೆ ಆ ಸಂಖ್ಯೆಗಳು ಆಗಲೇ ಬಂದಂತೆ ತೋರುವುದರಿಂದ ಹೊಸ ಬದಲಾವಣೆಗಳನ್ನು ಸ್ವೀಕರಿಸುವುದಿಲ್ಲ. ಎರಡೂ ಯಂತ್ರಗಳು ಬೇರೆ ಬೇರೆ ಸತ್ಯಗಳನ್ನು ಹೇಳತೊಡಗುತ್ತವೆ. ವಿಂಡೋಸ್ ಸರ್ವರ್ 2012ರಿಂದ ವರ್ಚುವಲ್ ಯಂತ್ರಗಳಿಗೆ ಇದರ ವಿರುದ್ಧ ರಕ್ಷಣೆಯಿದೆ, ಭೌತಿಕ ಯಂತ್ರಗಳಿಗೆ ಇಲ್ಲ.

ಎರಡನೆಯ ಕಂಟ್ರೋಲರೂ ಇಲ್ಲ, ಬ್ಯಾಕಪ್ಪೂ ಇಲ್ಲ ಎಂದಾಗ ಮೂರನೆಯ ದಾರಿ. ಕೆಟ್ಟ ಡಿಸ್ಕಿನ ನಕಲು ತೆಗೆದು, ನಕಲಿನ ಮೇಲೆ ದತ್ತಾಂಶ ಕಡತದ ದುರಸ್ತಿ ಪ್ರಯತ್ನಿಸಬಹುದು. ಆ ದುರಸ್ತಿ ಓದಲಾಗದ ಪುಟಗಳನ್ನು ಎಸೆದು ಉಳಿದದ್ದನ್ನು ಹೊಲಿಯುತ್ತದೆ. ಏನು ಹೋಯಿತೆಂದು ಅದು ಹೇಳುವುದಿಲ್ಲ. ಹೀಗೆ ಎದ್ದ ಡೈರೆಕ್ಟರಿಯನ್ನು ಹೆಸರುಗಳ ಪಟ್ಟಿ ತೆಗೆದುಕೊಳ್ಳುವಷ್ಟು ಹೊತ್ತು ನಂಬಬೇಕೇ ಹೊರತು ವರ್ಷಗಟ್ಟಲೆ ಅಲ್ಲ. ಅದೂ ಆಗದಿದ್ದರೆ ಹೊಸ ಡೊಮೇನ್ ಕಟ್ಟಬೇಕು. ಹಳೆಯ ಡೊಮೇನಿನ ಹೆಸರನ್ನೇ ಇಟ್ಟು, ಹಳೆಯ ಬಳಕೆದಾರರ ಹೆಸರುಗಳನ್ನೇ ತುಂಬಿದರೂ ಅದು ಹಳೆಯದಾಗುವುದಿಲ್ಲ. ಡೈರೆಕ್ಟರಿ ಒಳಗೊಳಗೆ ಜನರನ್ನು ಗುರುತಿಸುವುದು ಎಸ್‌ಐಡಿ ಎಂಬ ಸಂಖ್ಯೆಯಿಂದ. ಕಡತಗಳ ಮೇಲಿನ ಹಕ್ಕುಗಳೂ ಆ ಸಂಖ್ಯೆಗೇ ಅಂಟಿರುತ್ತವೆ. ಹೊಸ ಡೊಮೇನಿನಲ್ಲಿ ಅದೇ ಹೆಸರಿನ ಗುಮಾಸ್ತರು ಬೇರೆಯೇ ವ್ಯಕ್ತಿ. ಅವರು ಹತ್ತು ವರ್ಷ ಬರೆದ ಕಡತಗಳೇ ಅವರಿಗೆ ತೆರೆಯುವುದಿಲ್ಲ. ಪ್ರತಿ ಕಂಪ್ಯೂಟರನ್ನೂ ಮತ್ತೆ ಡೊಮೇನಿಗೆ ಸೇರಿಸಬೇಕು, ಪ್ರತಿ ಕೋಶದ ಹಕ್ಕನ್ನೂ ಮತ್ತೆ ಬರೆಯಬೇಕು. ಯಾರಿಗೆ ಯಾವ ಹಕ್ಕಿತ್ತು ಎಂಬುದಕ್ಕೆ ಆಗ ಉಳಿದಿರುವುದು ಜನರ ನೆನಪು ಮಾತ್ರ.

ದುರಸ್ತಿಗಿಂತ ಕೆಟ್ಟ ಉಪಾಯ

ಡೈರೆಕ್ಟರಿ ಬಿದ್ದಾಗ ಕೆಲಸ ನಿಲ್ಲಬಾರದೆಂದು ಕಚೇರಿಗಳು ಹಿಡಿಯುವ ಸುಲಭ ದಾರಿಯೊಂದಿದೆ: ಎಲ್ಲ ಕಂಪ್ಯೂಟರುಗಳಿಗೂ ಒಂದೇ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್, ಎಲ್ಲ ಕೋಶಗಳೂ ಎಲ್ಲರಿಗೂ ತೆರೆದದ್ದು. ಎರಡು ದಿನಕ್ಕೆಂದು ಮಾಡಿದ್ದು ಎರಡು ವರ್ಷ ಉಳಿಯುತ್ತದೆ. ಯಾರು ಏನು ಬರೆದರು, ಯಾರು ಅಳಿಸಿದರು ಎಂಬುದರ ಜಾಡು ಅಂದಿಗೇ ಅಳಿಯುತ್ತದೆ. ರೋಗಿಯ ಕಡತ, ಸಾಲದ ಲೆಕ್ಕ, ಅದಿರು ಸಾಗಣೆಯ ಪರವಾನಗಿಯಂಥ ದಾಖಲೆಗಳನ್ನು ಇಟ್ಟುಕೊಂಡ ಕಚೇರಿಗೆ ಇದು ಸರ್ವರ್ ಕೆಡುವುದಕ್ಕಿಂತ ದೊಡ್ಡ ನಷ್ಟ.

ಈ ಜಾಡಿನ ಬೆಲೆಯನ್ನು ಕರ್ನಾಟಕ ಬಹಳ ಮೊದಲೇ ಅರಿತಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ತಾಲೂಕು ಕಚೇರಿಗಳ ಕಂಪ್ಯೂಟರಿಗೆ ಬಂದವು, ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಆಗ ಸಿಬ್ಬಂದಿಯ ಲಾಗಿನ್ ಪಾಸ್‌ವರ್ಡನ್ನಷ್ಟೇ ನಂಬದೆ ಬೆರಳಚ್ಚನ್ನೂ ಬೇಡುವಂತೆ ವ್ಯವಸ್ಥೆ ರೂಪಿಸಿದರು. ಖಾತೆ ಬದಲಾವಣೆ ಮಾಡಿದವರು ಆಮೇಲೆ ‘ಅದು ನಾನಲ್ಲ’ ಎನ್ನುವಂತಿರಬಾರದು ಎಂಬುದು ಅದರ ಉದ್ದೇಶ. ಡೈರೆಕ್ಟರಿಯ ಮೂಲ ಧರ್ಮವೂ ಅದೇ. ತುರ್ತಿನಲ್ಲಿ ಅದನ್ನು ಬದಿಗಿಡುವುದಾದರೆ, ಯಾವ ದಿನ ಯಾರ ಅನುಮತಿಯಿಂದ ಬದಿಗಿಟ್ಟರು, ಯಾವ ದಿನ ಮತ್ತೆ ಮೊದಲಿನಂತಾಗಬೇಕು ಎಂಬುದು ಕಾಗದದ ಮೇಲಿರಬೇಕು.

ಆಕ್ಷೇಪಗಳು

ಸಣ್ಣ ಕಚೇರಿಗೆ ಎರಡನೆಯ ಸರ್ವರ್ ದುಬಾರಿ ಎಂಬುದು ಮೊದಲ ಆಕ್ಷೇಪ. ಐವತ್ತು ಜನರ ಡೈರೆಕ್ಟರಿ ಗಾತ್ರದಲ್ಲಿ ತೀರ ಚಿಕ್ಕದು. ಅದನ್ನು ಕಾಯಲು ದೊಡ್ಡ ಯಂತ್ರದ ಅಗತ್ಯವಿಲ್ಲ, ಸಾಧಾರಣ ಕಂಪ್ಯೂಟರು ಸಾಕು. ಪರವಾನಗಿಯ ಖರ್ಚು ತಡೆಯದಿದ್ದರೆ ಸ್ಯಾಂಬಾ ಇದೆ. ಅದರಲ್ಲಿ ಸಿಸ್‌ವಾಲ್ ನಕಲು ತಾನಾಗಿ ನಡೆಯುವುದಿಲ್ಲ, ಬೇರೆ ವಿಧಾನದಿಂದ ಹೊಂದಿಸಬೇಕು ಎಂಬ ಕೊರತೆ ತಿಳಿದೇ ಬಳಸಬೇಕು. ಒಂದು ಸರ್ವರಿಗೆ ಹೆಚ್ಚು ಮೆಮೊರಿ, ಹೆಚ್ಚು ವೇಗದ ಡಿಸ್ಕ್ ಎಂದು ಸುರಿಯುವ ಹಣದಲ್ಲಿ ಒಂದು ಪಾಲು ಎರಡನೆಯ ಸಣ್ಣ ಯಂತ್ರಕ್ಕೆ ಹೋದರೆ ಕಚೇರಿ ಹೆಚ್ಚು ಭದ್ರ. ಎರಡೂ ಒಂದೇ ಕೋಣೆಯಲ್ಲಿ, ಒಂದೇ ಯುಪಿಎಸ್ ಮೇಲೆ ಇರಬಾರದು.

ಎಲ್ಲವೂ ಕ್ಲೌಡಿಗೆ ಹೋಗುತ್ತಿರುವಾಗ ಈ ಚಿಂತೆ ಏಕೆ ಎಂಬುದು ಎರಡನೆಯ ಆಕ್ಷೇಪ. ಕ್ಲೌಡಿನಲ್ಲೂ ಡೈರೆಕ್ಟರಿ ಇದೆ, ಹೆಸರು ಸೇವೆ ಇದೆ. ಅವುಗಳ ಭಾರ ಬೇರೆಯವರ ಹೆಗಲಿಗೆ ಹೋಗುತ್ತದೆ, ಅವಲಂಬನೆ ಉಳಿಯುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ತನ್ನ ಜಾಲದ ನಿರ್ವಹಣೆಯಲ್ಲಿ ನಡೆದ ತಪ್ಪಿನಿಂದ ಸುಮಾರು ಆರು ಗಂಟೆ ಲೋಕದ ಕಣ್ಣಿನಿಂದ ಮರೆಯಾಯಿತು. ಅದರ ಡಿಎನ್‌ಎಸ್ ಸರ್ವರುಗಳಿಗೆ ದಾರಿಯೇ ಇಲ್ಲದಾಗಿತ್ತು. ಒಳಗಿನ ಉಪಕರಣಗಳೂ ಅದೇ ಹೆಸರು ಸೇವೆಯನ್ನು ನಂಬಿದ್ದರಿಂದ ದುರಸ್ತಿಯೇ ತಡವಾಯಿತು. ಅಷ್ಟು ದೊಡ್ಡ ಕಂಪನಿಗೂ ತಪ್ಪದ ಸುತ್ತು ಅವಲಂಬನೆ ಸಣ್ಣ ಕಚೇರಿಗೆ ತಾನಾಗಿ ತಪ್ಪುವುದಿಲ್ಲ.

ಎರಡು ಕಂಟ್ರೋಲರ್ ಇದ್ದರೆ ಬ್ಯಾಕಪ್ ಬೇಡ ಎಂಬುದು ಮೂರನೆಯ ನಂಬಿಕೆ. ಡೆನ್ಮಾರ್ಕಿನ ಹಡಗು ಕಂಪನಿ ಮಾರ್ಸ್ಕ್ ಅದಕ್ಕೆ ತೆತ್ತ ಬೆಲೆ ದೊಡ್ಡದು. ಅದಕ್ಕೆ ಜಗತ್ತಿನಾದ್ಯಂತ ಸುಮಾರು 150 ಡೊಮೇನ್ ಕಂಟ್ರೋಲರುಗಳಿದ್ದವು. ಒಂದು ಹೋದರೆ ಇನ್ನೊಂದರಿಂದ ತುಂಬಿಕೊಳ್ಳಬಹುದೆಂಬ ಭರವಸೆಯಿತ್ತು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ದುಷ್ಟ ತಂತ್ರಾಂಶ ಒಂದನ್ನು ಬಿಟ್ಟು ಅವನ್ನೆಲ್ಲ ಒಟ್ಟಿಗೆ ಅಳಿಸಿತು. ಉಳಿದದ್ದು ಘಾನಾದ ಒಂದೇ ಕಂಟ್ರೋಲರ್. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ ಅದು ಜಾಲದಿಂದ ಹೊರಗಿತ್ತು. ಅಲ್ಲಿನ ಇಂಟರ್ನೆಟ್ ನಿಧಾನವಿದ್ದುದರಿಂದ ದತ್ತಾಂಶವನ್ನು ಡಿಸ್ಕಿನಲ್ಲಿ ಹೊತ್ತು ವಿಮಾನದಲ್ಲಿ ಬ್ರಿಟನ್ನಿಗೆ ತಂದರು. ಪರಸ್ಪರ ನಕಲು ಮಾಡಿಕೊಳ್ಳುವ ಯಂತ್ರಗಳು ಯಂತ್ರದ ಸಾವಿನಿಂದ ಕಾಪಾಡುತ್ತವೆ. ಕೇಡೇ ನಕಲಾಗುವಾಗ ಕಾಪಾಡುವುದು ಜಾಲದಿಂದ ಕಳಚಿಟ್ಟ ಪ್ರತಿ ಮಾತ್ರ. ಮಾರ್ಸ್ಕ್‌ಗೆ ಅದು ಅದೃಷ್ಟದಿಂದ ಸಿಕ್ಕಿತು. ಕಚೇರಿಗಳು ಅದನ್ನು ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ತೆಗೆದು, ತಂತಿ ಕಳಚಿ, ಬೀಗದಲ್ಲಿಟ್ಟು ಪಡೆಯಬಹುದು.

ಯಾರ ಹೊಣೆ

ಇಷ್ಟೆಲ್ಲದರ ಸಾರ ನಾಲ್ಕು ತೀರ್ಮಾನಗಳಿಗೆ ಇಳಿಯುತ್ತದೆ. ಬೇರೆ ಕೋಣೆಯಲ್ಲಿ ಎರಡನೆಯ ಡೊಮೇನ್ ಕಂಟ್ರೋಲರ್ ಇರಬೇಕು, ಎರಡರಲ್ಲೂ ಡಿಎನ್‌ಎಸ್ ನಡೆಯಬೇಕು. ಸಿಸ್ಟಂ ಸ್ಟೇಟ್ ಬ್ಯಾಕಪ್ ದಿನವೂ ಆಗಬೇಕು, ಒಂದು ಪ್ರತಿ ಜಾಲದ ಹೊರಗಿರಬೇಕು. ಮರುಸ್ಥಾಪನೆಯ ಪಾಸ್‌ವರ್ಡ್, ಐಪಿ ವಿಳಾಸಗಳು, ಐದು ವಿಶೇಷ ಹೊಣೆಗಳು ಯಾವ ಯಂತ್ರದಲ್ಲಿವೆ ಎಂಬ ಪಟ್ಟಿ, ಇವು ಮೊಹರು ಹಾಕಿದ ಲಕೋಟೆಯಲ್ಲಿ ಮುಖ್ಯಸ್ಥರ ಬಳಿ ಇರಬೇಕು. ವರ್ಷಕ್ಕೊಮ್ಮೆ, ಜಾಲಕ್ಕೆ ಸೇರಿಸದ ಬೇರೆ ಕಂಪ್ಯೂಟರಿನಲ್ಲಿ ಬ್ಯಾಕಪ್ಪನ್ನು ನಿಜವಾಗಿ ಮರಳಿ ತುಂಬಿ, ಒಬ್ಬರಾದರೂ ಲಾಗಿನ್ ಆಗಿ ನೋಡಬೇಕು.

ಇವುಗಳನ್ನು ಮಾಡುವ ಕೈ ತಂತ್ರಜ್ಞರದು. ಆದರೆ ಎರಡನೆಯ ಯಂತ್ರಕ್ಕೆ ಹಣ ಕೊಡುವುದು, ಲಕೋಟೆ ಕೇಳಿ ಪಡೆಯುವುದು, ಮರುಸ್ಥಾಪನೆಯ ಅಭ್ಯಾಸಕ್ಕೆ ಒಂದು ದಿನ ಬಿಡುವು ಮಾಡಿಕೊಡುವುದು ಕಚೇರಿ ನಡೆಸುವವರ ತೀರ್ಮಾನಗಳು. ಬೆಂಗಳೂರು, ಬಳ್ಳಾರಿಗಳಿಂದ ತಂತ್ರಜ್ಞರು ಬರಲು ಒಂದು ದಿನ ಹಿಡಿಯುವ ಊರುಗಳಲ್ಲಿ ಈ ತೀರ್ಮಾನಗಳ ತೂಕ ಇನ್ನೂ ಹೆಚ್ಚು. ಸರ್ವರ್ ಕೆಟ್ಟ ದಿನ ತಂತ್ರಜ್ಞರ ಜಾಣ್ಮೆಗೆ ಸಿಗುವ ಅವಕಾಶ ಮುಖ್ಯಸ್ಥರು ಹಿಂದೆ ತೋರಿದ ಕಾಳಜಿಯಷ್ಟೇ ದೊಡ್ಡದು. ಆದ್ದರಿಂದ ಡೈರೆಕ್ಟರಿ ಮತ್ತು ಹೆಸರು ಸೇವೆಯ ರಕ್ಷಣೆ ಕಚೇರಿಯ ಹಣಕಾಸು ಮತ್ತು ದಾಖಲೆಗಳ ರಕ್ಷಣೆಯಷ್ಟೇ ಆಡಳಿತದ ವಿಷಯವಾಗಿ, ವಾರ್ಷಿಕ ಪರಿಶೀಲನೆಯ ಪಟ್ಟಿಯಲ್ಲಿ ಅವುಗಳ ಪಕ್ಕದಲ್ಲೇ ಬರಬೇಕು.